ಈದ ಕುರಿಗೆ ಒಂದು ಹಿಡಿ ಹಿಂಡಿ

ಈದ ಕುರಿ ಸೊರಗಿದರೆ ಮರಿಯೇ ಹೀರಿಬಿಟ್ಟಿತೆಂದು ಸುಮ್ಮನಾಗುವವರುಂಟು. ಶಕ್ತಿಯ ಲೆಕ್ಕ ಹಿಡಿದರೆ ಆ ಮಾತು ನಿಜವೇ. ಕುರಿಯ ಹಾಲಿನಲ್ಲಿ ಜಿಡ್ಡು ಶೇಕಡಾ 7ರ ಸುಮಾರಿಗಿದೆ. ಒಂದು ಕಿಲೋಗ್ರಾಂ ಹಾಲಿನಲ್ಲಿ ಸುಮಾರು 1,000 ಕಿಲೋಕ್ಯಾಲೊರಿ ಅಡಗಿದೆ. ಇಷ್ಟು ಶಕ್ತಿ ಶೂನ್ಯದಿಂದ ಹುಟ್ಟಲಾರದಷ್ಟೆ! ಈದ ಮೂರು ನಾಲ್ಕು ವಾರಗಳಲ್ಲೇ ಹಾಲು ಪರಮಾವಧಿಯನ್ನು ಮುಟ್ಟುತ್ತದೆ; ಹಸಿವಾದರೋ ಅಷ್ಟು ಬೇಗ ಏರದು. ಕೊರತೆಯನ್ನು ತಾಯಿ ತನ್ನ ಕೊಬ್ಬನ್ನು ಕರಗಿಸಿ ತುಂಬುತ್ತದೆ.

ಆದರೆ ಕೊಬ್ಬಿನಲ್ಲಿ ಶಕ್ತಿಯುಂಟು, ಸಾರಜನಕವಿಲ್ಲ. ಸಾರಜನಕವಿಲ್ಲದೆ ಹಾಲಿನ ಪ್ರೋಟೀನು ಆಗುವುದೆಂತು? ಅದರ ದೊಡ್ಡ ದಾಸ್ತಾನು ಮೈಯಲ್ಲಿಲ್ಲ. ಬೇಸಗೆಯ ಒಣಹುಲ್ಲಿನಲ್ಲಿಯೂ ಅದು ಅತ್ಯಲ್ಪ. ಆದುದರಿಂದ, ಮಂಡ್ಯ ಸೀಮೆಯ ಬನ್ನೂರು ಕುರಿಯೇ ಆಗಲಿ, ಬರಿಯ ಒಣಹುಲ್ಲಿನ ಮೇಲೆ ಮರಿಗೆ ಸಾಕಷ್ಟು ಹಾಲೂಡಲಾರದು. ಕಡಲೆಕಾಯಿ ಹಿಂಡಿಯೋ ಹುರುಳಿಯೋ ಬೇಕು.

ಹಿಂಡಿ ದುಬಾರಿಯೆಂಬ ಆಕ್ಷೇಪ ಸರಿಯೇ. ಆದರೆ ಎಳೆಯ ಮರಿಯ ತೂಕ ಒಂದು ಕಿಲೋ ಏರಲು ಸುಮಾರು ಐದು ಕಿಲೋ ಹಾಲು ಬೇಕು. ಸಂತೆಗೆ ಒಯ್ಯುವ ಮುನ್ನ ಮರಿಗೆ ತಿನ್ನಿಸುವ ಹಿಂಡಿಯಲ್ಲಿ ಒಂದು ಪಾಲನ್ನಾದರೂ ಮೊದಲ ಆರು ವಾರ ತಾಯಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ; ಒಮ್ಮೆಗೇ ಸುರಿಯದೆ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ. ಹಿಂಡಿ ಸಾಲದಿದ್ದರೆ ಅವಳಿ ಹೆತ್ತ ಕುರಿಗೆ ಮೊದಲು: ಅದರ ಹಾಲು ಹೆಚ್ಚೇನೋ ಹೌದು, ಇಮ್ಮಡಿಯಂತೂ ಅಲ್ಲ.