ನಾಲ್ಕು ಊರು, ಒಂದು ಹಗಲು

ಬಾಗಲಕೋಟೆ ಜಿಲ್ಲೆಯನ್ನು ಕಂಡು ಬಂದೆವೆನ್ನುವವರು ಸಾಮಾನ್ಯವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿ, ಕೂಡಲಸಂಗಮದಲ್ಲಿ ಕೈಮುಗಿದು ಹಿಂದಿರುಗಿದವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಕೃಷ್ಣೆ ಮತ್ತು ಘಟಪ್ರಭೆಗಳ ನಡುವಣ ನೆಲದಲ್ಲಿ, ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿಗಳಿವೆ. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಗಂಟೆಯ ದಾರಿ. ಬೆಳಗ್ಗೆ ಹೊರಟರೆ, ಅವಸರಪಡದೆ, ನಡುವೆ ಯಾವುದಾದರೊಂದು ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ, ಸಂಜೆಯೊಳಗೆ ನಾಲ್ಕನ್ನೂ ನೋಡಬಹುದು. ರೈಲಿನಲ್ಲಿ ಹೋಗುವೆನೆಂದರೆ ಮಾತ್ರ ಆಗದು. ಸುಮಾರು 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾಗಿ ಹದಿನೈದು ವರ್ಷ ಕಳೆದರೂ ಈ ನಾಲ್ಕೂರುಗಳಿಗೆ ರೈಲಿನ ಸಿಳ್ಳು ಕೇಳಿಸಿಲ್ಲ.

ಈ ಪ್ರಯಾಣವನ್ನು ಈಗಲೇ ಮಾಡಬೇಕೆನ್ನಲು ಕಾರಣವೊಂದಿದೆ. ಆಲಮಟ್ಟಿಯ ಎತ್ತರದ ಪ್ರಶ್ನೆ ಪತ್ರಿಕೆಗಳಲ್ಲಿ ಮೀಟರು, ಟಿ.ಎಂ.ಸಿ., ಕೋಟಿ ರೂಪಾಯಿಗಳ ಭಾಷೆಯಲ್ಲಿ ಚರ್ಚೆಯಾಗುತ್ತಿದೆ. ಆ ಭಾಷೆಯ ಅರ್ಥ ತಿಳಿಯಬೇಕಾದರೆ ಅಂಕಿಗಳಿಗಿಂತ ಈ ಬಸ್ಸಿನ ಕಿಟಕಿ ಹೆಚ್ಚು ಉಪಯುಕ್ತ.

ಮೊದಲು ಜಮಖಂಡಿ. ಪಟವರ್ಧನ ಅರಸರ ರಾಜಧಾನಿಯಾಗಿದ್ದ ಊರು ಇದು. ಗುಡ್ಡದ ಮೇಲೆ ರಾಮತೀರ್ಥದ ಅರಮನೆ ಇಂದಿಗೂ ಇದೆ. ಪುಣೆಯ ಸರ್ ಪರಶುರಾಮಭಾವು ಕಾಲೇಜಿನ ಹೆಸರಿನಲ್ಲಿ ಉಳಿದಿರುವವರು ಈ ಮನೆತನದ ದೊರೆಯೇ. ಪ್ರಜೆಗಳು ಕನ್ನಡಿಗರು, ದರಬಾರಿನ ಮಾತು ಮರಾಠಿ: ಇಂಥ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡಿನೊಳಗೆ ಬಂತು. ಅರಮನೆಯ ವಿಷಯಕ್ಕೆ ಇಷ್ಟು ಸಾಕು. ನಿಂತು ನೋಡಬೇಕಾದದ್ದು ಊರಾಚೆ, ಕೃಷ್ಣೆಯ ದಂಡೆಯಲ್ಲಿದೆ.

ಚಿಕ್ಕಪಡಸಲಗಿಯ ಬಳಿ ಹೊಳೆಗೆ ಅಡ್ಡಲಾಗಿರುವ ಬ್ಯಾರೇಜಿಗೆ ಶ್ರಮಬಿಂದು ಸಾಗರವೆಂದು ಹೆಸರು. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಹೊಳೆ ಬೇಸಿಗೆಗೆ ಒಣಗುತ್ತಿತ್ತು. ಬೇಡಿಕೆಯ ಅರ್ಜಿಗಳಿಗೆ ಫಲ ದೊರೆಯದಿದ್ದಾಗ, ಸಿದ್ದು ನ್ಯಾಮಗೌಡರ ನಾಯಕತ್ವದಲ್ಲಿ ದಂಡೆಯ ರೈತರು ಸಂಘ ಕಟ್ಟಿ, ವಂತಿಗೆ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು 1989ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. 1991ರ ಲೋಕಸಭಾ ಚುನಾವಣೆಯಲ್ಲಿ ಅದೇ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರಂಥವರನ್ನು ಸೋಲಿಸಿದಾಗ ಬೆಂಗಳೂರು ಬೆರಗಾಯಿತು. ದಂಡೆಯ ಹಳ್ಳಿಗಳು ಬೆರಗಾಗಿರಲಾರವು. ನೀರನ್ನು ಹಿಡಿದು ನಿಲ್ಲಿಸುವ ವಿದ್ಯೆಯನ್ನು ಈ ಜನ ಯಾರಿಂದಲೂ ಕಲಿಯಬೇಕಾಗಿಲ್ಲ. ಮುಂದಿನ ಮಾತಿಗೆ ಈ ಸಂಗತಿ ನೆನಪಿರಲಿ.

ಜಮಖಂಡಿಯಿಂದ ಪಶ್ಚಿಮಕ್ಕೆ ನಡೆದರೆ ರಬಕವಿ-ಬನಹಟ್ಟಿ. ಎರಡು ಊರು, ಒಂದೇ ನಗರಸಭೆ. ಮೊದಲು ಜಮಖಂಡಿ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿದೆ. ಇಲ್ಲಿ ಊರನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ನೇಕಾರರ ಓಣಿಗಳಲ್ಲಿ ಒಳಮನೆಯಿಂದ ವಿದ್ಯುತ್ ಮಗ್ಗದ ಸದ್ದು ಎಡೆಬಿಡದೆ ಬರುತ್ತದೆ. ಕರೆಂಟು ಹೋದ ಕೂಡಲೇ ಓಣಿಗೆ ಓಣಿಯೇ ಮೌನವಾಗುತ್ತದೆ. ನೂಲಿನ ದರ ಏರಿದಾಗ ಸೀರೆಯ ದರ ಏರುವುದಿಲ್ಲ, ಸೀರೆಯ ದರ ಇಳಿದಾಗ ಸಾಲದ ಬಡ್ಡಿ ಇಳಿಯುವುದಿಲ್ಲ: ನೇಕಾರನ ಅರ್ಥಶಾಸ್ತ್ರ ಇಷ್ಟೇ. ಅವನಿಗೆ ಹೊಲವಿಲ್ಲ, ಆದರೂ ಅವನ ಬದುಕು ಹೊಲಕ್ಕೆ ಗಂಟುಬಿದ್ದಿದೆ. ಬನಹಟ್ಟಿಯ ಹತ್ತಿ ಸೀರೆ ಉಡುವವಳು ಕಬ್ಬಿನ ಹೊಲದಲ್ಲಿ, ಜೋಳದ ಹೊಲದಲ್ಲಿ ಕೆಲಸ ಮಾಡುವ ಹೆಂಗಸು. ಸುಗ್ಗಿ ಕೆಟ್ಟ ವರ್ಷ ಅವಳು ಹೊಸ ಸೀರೆ ಕೊಳ್ಳುವುದಿಲ್ಲ.

ಅಲ್ಲಿಂದ ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ಮೇಲೆ ಹಾದು ಮುಧೋಳ ಸೇರಬೇಕು. ದಾರಿಯುದ್ದಕ್ಕೂ ಕಬ್ಬು, ಹಂಗಾಮಿನಲ್ಲಾದರೆ ಬಸ್ಸಿಗೂ ಕಬ್ಬು ಹೇರಿದ ಟ್ರ್ಯಾಕ್ಟರುಗಳಿಗೂ ದಾರಿಯ ಜಗಳ. ನೀರು ತಂದ ಐಶ್ವರ್ಯ ಇದು, ನೀರು ತಂದ ಕಲಹವೂ ಇದೇ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ರಸ್ತೆಗಿಳಿದರು. ಸರಕಾರ 3,300ಕ್ಕೆ ಒಪ್ಪಿಸಿತು. ಆ ಬಳಿಕವೂ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಬೆಂಕಿಗೆ ಆಹುತಿಯಾದವು. ವರ್ಷವಿಡೀ ಬೆಳೆಸಿದ ಪೈರು ಬೆಳೆದವರ ಕಣ್ಣೆದುರು ಉರಿದದ್ದನ್ನು ಬರಿಯ ಗಲಭೆಯ ಸುದ್ದಿಯೆಂದು ಓದಿ ಮಡಿಸಿಡುವುದು ಸುಲಭ. ಒಂದೇ ಬೆಳೆಗೆ, ಒಂದೇ ಕೊಳ್ಳುವವನಿಗೆ ಕಟ್ಟುಬಿದ್ದ ನೆಲದ ಸಂಕಟವೆಂದು ಓದುವುದು ಮೇಲು.

ಮುಧೋಳ ಸಾಹಿತ್ಯದ ವಿದ್ಯಾರ್ಥಿಗೆ ಮುದುವೊಳಲು, ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ ಊರು. ಗದಾಯುದ್ಧವನ್ನು ಪಾಠ ಹೇಳುವ ಅಧ್ಯಾಪಕರಲ್ಲಿ ಎಷ್ಟು ಮಂದಿ ಈ ಊರಿನಲ್ಲಿ ಒಂದು ಗಳಿಗೆ ನಿಂತಿದ್ದಾರೋ ತಿಳಿಯದು. ಸರೋವರದಲ್ಲಿ ಮುಳುಗಿ ಕುಳಿತ ದುರ್ಯೋಧನನನ್ನು ಹಾಡಿದ ಕವಿಯ ಸೀಮೆಯಲ್ಲಿ ಇಂದು ಮುಳುಗಡೆಯೆಂಬುದೇ ದಿನಬಳಕೆಯ ಮಾತು. ಇದು ಕೇವಲ ಆಕಸ್ಮಿಕ, ಆದರೂ ನೆನಪಿಗೆ ಬಾರದಿರದು. ಘೋರ್ಪಡೆ ಅರಸರ ಕಾಲದಿಂದ ಹೆಸರಾದ ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯನ್ನೂ ಏರಿತು. ಅದಕ್ಕಿಂತ ದೊಡ್ಡ ನೆನಪು ಇದೇ ತಾಲ್ಲೂಕಿನ ಹಲಗಲಿಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಕುಂಪಣಿ ಸರಕಾರದ ಆಜ್ಞೆಗೆ ಮಣಿಯದೆ ಬೇಡರು ಕಾದಿ ಮಡಿದರು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಆ ಲಾವಣಿ ಶಾಲೆಯ ಮಕ್ಕಳಿಗೂ ಗೊತ್ತು.

ಮುಧೋಳದಿಂದ ಪೂರ್ವಕ್ಕೆ ತಿರುಗಿದರೆ ಬೀಳಗಿ. ನಾಲ್ಕರಲ್ಲಿ ಇದು ಚಿಕ್ಕದು. ಸಂಸ್ಥಾನದ ವೈಭವವಾಗಲಿ ಮಗ್ಗದ ಸದ್ದಾಗಲಿ ಇಲ್ಲಿಲ್ಲ. ಸುತ್ತಲಿನ ಹಳ್ಳಿಗಳ ಸಂತೆ, ಕಚೇರಿ, ಶಾಲೆ, ದವಾಖಾನೆ ಇದೇ. ಈ ತಾಲ್ಲೂಕಿನ ಅಂಚಿನಲ್ಲಿಯೇ, ಚಿಕ್ಕಸಂಗಮದ ಬಳಿ, ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಕೂಡುತ್ತದೆಂದು ಹೇಳಬೇಕಷ್ಟೆ; ಆಲಮಟ್ಟಿಯ ಹಿನ್ನೀರಿನಲ್ಲಿ ಎರಡು ಹೊಳೆಗಳ ಗುರುತು ಹತ್ತುವುದಿಲ್ಲ.

1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಜಲಾಶಯದಲ್ಲಿ ಈಗ 519.6 ಮೀಟರಿನ ಮಟ್ಟಕ್ಕೆ ನೀರು ನಿಲ್ಲಿಸುತ್ತಾರೆ. ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಏರಿಸಲು ಒಪ್ಪಿತು. ಐದು ಮೀಟರಿಗೂ ಕಡಮೆ. ಒಂದು ಮಾಳಿಗೆಮನೆಯ ಎತ್ತರಕ್ಕಿಂತ ಹೆಚ್ಚಲ್ಲ. ಆದರೆ ಸಮತಟ್ಟಾದ ಎರೆಭೂಮಿಯಲ್ಲಿ ಅಷ್ಟು ನೀರು ಏರಿದರೆ ಮುಳುಗುವುದು 75,563 ಎಕರೆ. ಅದರ ಫಲವಾಗಿ ಸುಮಾರು 5.94 ಲಕ್ಷ ಹೆಕ್ಟೇರಿಗೆ ನೀರು ಎಂಬುದು ಯೋಜನೆ. ವಿಜಯಪುರ, ರಾಯಚೂರು, ಯಾದಗಿರಿ, ಕೊಪ್ಪಳಗಳ ಒಣ ಹೊಲಗಳು ಕಾದಿವೆ. ಅವರ ಬಾಯಾರಿಕೆಯೂ ಸುಳ್ಳಲ್ಲ. ಆದುದರಿಂದ ಅಣೆಕಟ್ಟು ಬೇಡವೆಂದು ವಾದಿಸಲು ನನಗೆ ಮನಸ್ಸಿಲ್ಲ. ಎತ್ತರಿಸಿದರೆ ತಮ್ಮಲ್ಲಿ ಪ್ರವಾಹ ಹೆಚ್ಚುವುದೆಂದು ಮಹಾರಾಷ್ಟ್ರ ತಕರಾರು ತೆಗೆದಿದೆ. ತೀರ್ಪಿನ ಅಧಿಸೂಚನೆ 2025ರ ವರೆಗೂ ಹೊರಬಿದ್ದಿರಲಿಲ್ಲ. ಅದು ವಕೀಲರ ಮಾತು.

ನನಗೆ ಕಾಣುವ ಅನ್ಯಾಯ ಬೇರೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿಗಳ ದರ ಗೊತ್ತುಮಾಡಿತು. ದರ ಕಡಮೆಯೆಂದು ಯಾರೂ ಹೇಳಲಾರರು. ಆದರೆ ಸಾವಿರಾರು ಕುಟುಂಬಗಳು ಒಮ್ಮೆಗೇ ಹಣ ಹಿಡಿದು ಹೊಲ ಕೊಳ್ಳಲು ಹೊರಟರೆ ಸುತ್ತಮುತ್ತ ಎಕರೆಯ ಬೆಲೆ ಎಲ್ಲಿಗೆ ಹೋದೀತು? ಎಕರೆಯೇ ಇಲ್ಲದ ಕೂಲಿಯವನು, ಕುಂಬಾರ, ಹಳ್ಳಿಹಳ್ಳಿಗೆ ಸೀರೆಯ ಗಂಟು ಹೊರುವ ವ್ಯಾಪಾರಿ ಯಾವ ಖಾನೆಗೆ ಸೇರಬೇಕು? ಹಳ್ಳಿಗಳು ಚದುರಿದ ಮೇಲೆ ಬೀಳಗಿಯ ಸಂತೆಗೆ ಬರುವವರಾರು? ಎಲ್ಲಕ್ಕಿಂತ ಹೆಚ್ಚಿನ ನಷ್ಟ ಕಾಯುವುದರಲ್ಲಿದೆ. ನ್ಯಾಯಾಧಿಕರಣದ ಮಾತು ಬಂದಾಗ ಹುಟ್ಟಿದ ಮಗು ಇಂದು ಕಾಲೇಜಿನ ಹೊಸ್ತಿಲಲ್ಲಿದೆ. ಮುಳುಗುವ ಪಟ್ಟಿಯಲ್ಲಿರುವ ಹಳ್ಳಿಯಲ್ಲಿ ಬುದ್ಧಿವಂತನಾದವನು ಮನೆಯ ಮಾಳಿಗೆ ದುರಸ್ತಿ ಮಾಡಿಸುವನೆ, ಹೊಸ ಬಾವಿ ತೋಡಿಸುವನೆ? ನೀರು ಬರುವ ಮೊದಲೇ ಊರು ಹಾಳಾಗುವುದು ಹೀಗೆ. ಆ ಕಾಲಕ್ಕೆ ಯಾವ ದರಪಟ್ಟಿಯಲ್ಲಿಯೂ ಬೆಲೆಯಿಲ್ಲ. ತಮ್ಮ ಕೈಯಿಂದಲೇ ಬ್ಯಾರೇಜು ಕಟ್ಟಿಕೊಂಡ ಸೀಮೆಯ ಜನಕ್ಕೆ ಸರಕಾರ ಕೊಡಬೇಕಾದ ಮೊದಲ ಪರಿಹಾರವೆಂದರೆ ಒಂದು ನಿಶ್ಚಿತವಾದ ತಾರೀಖು: ಇಂಥ ವರ್ಷ ಹಣ, ಇಂಥ ವರ್ಷ ಹೊಸ ಊರು, ಅನಂತರವೇ ನೀರು.

ಬೀಳಗಿಯಿಂದ ಬಾಗಲಕೋಟೆಗೆ ಹೋಗುವ ಬಸ್ಸು ಅನಗವಾಡಿಯ ಸೇತುವೆಯ ಮೇಲೆ ಘಟಪ್ರಭೆಯನ್ನು ದಾಟುತ್ತದೆ. ಬೇಸಿಗೆಯ ಕಡೆಗೆ ಹಿನ್ನೀರು ಸರಿದಾಗ ಹೆರಕಲ್ಲಿನ ಕೆಸರಿಗೆ ರಾಜಹಂಸಗಳು ಬಂದಿಳಿಯುತ್ತವೆ. ಎಂದೋ ಮುಳುಗಿ ಸರಕಾರದ ಪಾಲಾದ ನೆಲ ಆಗ ಕೆಲವು ತಿಂಗಳ ಮಟ್ಟಿಗೆ ಮೇಲೆ ಬರುತ್ತದೆ. ದಂಡೆಯ ರೈತರು ಅದರಲ್ಲಿ ಮತ್ತೆ ಬಿತ್ತುತ್ತಾರೆ, ಮಳೆಗಾಲದ ನೀರು ಏರುವುದರೊಳಗೆ ಕೊಯ್ದುಕೊಳ್ಳುತ್ತಾರೆ.