ಹಿತ್ತಲ ಮೆಣಸಿಗೆ ಖಾರವಿಲ್ಲವೇ?

ಮೆಣಸಿನ ಗಿಡ ಬೆಳೆಸುವ ಉತ್ಸಾಹ ನಮ್ಮ ಊರುಗಳ ಹೆಣ್ಣುಮಕ್ಕಳಲ್ಲಿ ಹೆಚ್ಚಿದೆ. ಹಿತ್ತಲಿದ್ದವರು ಹಿತ್ತಲಲ್ಲಿ, ಇಲ್ಲದವರು ಮಾಳಿಗೆಯ ಮೇಲೆ ಕುಂಡದಲ್ಲಿ, ಒಡೆದ ಬಕೆಟ್ಟಿನಲ್ಲಿ, ಸಿಮೆಂಟಿನ ಚೀಲದಲ್ಲಿ ನಾಲ್ಕು ಸಸಿ ಊರುತ್ತಾರೆ. ಸಂತೋಷವೇ. ಆದರೆ ಕಾಯಿ ಬಿಟ್ಟ ಮೇಲೆ ಏನಾಗುತ್ತದೆ? ಅರ್ಧ ಗಿಡದಲ್ಲೇ ಮುದುಡಿ ಉದುರುತ್ತದೆ. ಇನ್ನರ್ಧ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ಅದೇ ವಾರ ಅದೇ ಮನೆಗೆ ಅಂಗಡಿಯಿಂದ ಖಾರದಪುಡಿಯ ಪೊಟ್ಟಣ ಬರುತ್ತದೆ! ಬೆಳೆಯಲು ಕಲಿತು ಕಾಪಿಡಲು ಕಲಿಯದವರು ಅರ್ಧ ಪಾಠ ಓದಿ ಪರೀಕ್ಷೆಗೆ ಕೂತವರು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುವ ಗಂಡಸರಿದ್ದಾರೆ. "ಅಲ್ರೀ ಟೀಚರ್, ಕಾಲು ಕಿಲೋ ಮೆಣಸಿನಕಾಯಿಗೆ ಇಷ್ಟ್ಯಾಕ ಒದ್ದಾಡ್ತೀರಿ? ನಿಮ್ಮ ಪಗಾರದ ಲೆಕ್ಕ ಹಾಕಿದ್ರ ಪ್ಯಾಟಿಯಾಗ ತರೂದ ಸೋವಿ ಬೀಳ್ತದ" ಎನ್ನುತ್ತಾರೆ. ಇದೇ ಮಹನೀಯರ ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಬಡಿಯುವಾಕೆಯ ಪಗಾರದ ಲೆಕ್ಕವನ್ನು ಇವರು ಎಂದಾದರೂ ಹಾಕಿದ್ದಾರೆಯೇ? ಹೆಂಗಸಿನ ದುಡಿಮೆಗೆ ಬೆಲೆ ಕಟ್ಟುವ ಬುದ್ಧಿ ಇವರಿಗೆ ಬರುವುದು ಆಕೆ ತನಗಾಗಿ, ತನ್ನ ಇಷ್ಟದಂತೆ ಏನಾದರೂ ಮಾಡಹೊರಟಾಗ ಮಾತ್ರ.

ಮೊದಲನೆಯ ಮಾತು ಏನೆಂದರೆ, ಇದು ಒದ್ದಾಟವಲ್ಲ, ವಿದ್ಯೆ. ಹಸಿಮೆಣಸಿನಕಾಯಿಯನ್ನು ಇಬ್ಬನಿ ಆರಿದ ಮೇಲೆ ತೊಟ್ಟುಸಮೇತ ಬಿಡಿಸಬೇಕು. ಜಗ್ಗಿದರೆ ಟೊಂಗೆ ಮುರಿಯುತ್ತದೆ. ಬಿಡಿಸಿದಷ್ಟೂ ಗಿಡ ಮತ್ತೆ ಹೂ ಹಿಡಿಯುತ್ತದೆ. ನೋಡಲು ಚೆಂದವೆಂದು ಕಾಯಿಗಳನ್ನೆಲ್ಲ ಗಿಡದಲ್ಲೇ ಬಿಟ್ಟರೆ ಹೂವು ಕಡಿಮೆಯಾಗುತ್ತದೆ. ಒಣಗಿಸಲು ಬೇಕಾದದ್ದನ್ನು ಮಾತ್ರ ಪೂರ್ತಿ ಕೆಂಪಾಗುವವರೆಗೆ ಬಿಡಬೇಕು. ಅರೆಗೆಂಪು ಕಾಯಿ ಒಣಗಿದಾಗ ಬಿಳಿಚಿಕೊಳ್ಳುತ್ತದೆ.

ಇನ್ನು ತೊಟ್ಟಿನ ಸಂಗತಿ. ಹಸಿಮೆಣಸಿನಕಾಯಿ ಫ್ರಿಜ್ಜಿನಲ್ಲಿ ಎರಡು ಮೂರು ವಾರ ಬಾಳಬೇಕಾದರೆ ತೊಟ್ಟು ಕಿತ್ತು, ಬಟ್ಟೆಯಿಂದ ಒರೆಸಿ, ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಬೇಕು. ತೊಟ್ಟಿನ ಬುಡದಲ್ಲಿ ತೇವ ನಿಂತು ಕೊಳೆ ಶುರುವಾಗುವುದೇ ಅಲ್ಲಿಂದ. ಒಣಮೆಣಸಿನಕಾಯಿಗೆ ಇದು ತಲೆಕೆಳಗು. ಅದರ ತೊಟ್ಟು ಬೀಗವಿದ್ದ ಹಾಗೆ. ಮುರಿದರೆ ಬೀಜ ಉದುರುತ್ತದೆ, ತೇವವೂ ಹುಳವೂ ಒಳಹೊಗುತ್ತವೆ. ಆದ್ದರಿಂದ ಪುಡಿ ಮಾಡುವ ದಿನದವರೆಗೆ ಅದನ್ನು ಮುಟ್ಟಬಾರದು. ಒಂದೇ ಕಾಯಿ, ಎರಡು ಅವಸ್ಥೆ, ಎರಡು ನಿಯಮ, ಎರಡಕ್ಕೂ ಕಾರಣವುಂಟು. ಇದು ವಿಜ್ಞಾನವಲ್ಲದೆ ಮತ್ತೇನು?

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ಹೆಂಗಸರ ತಿಳಿವಳಿಕೆಗೂ ಸಲ್ಲುತ್ತದೆ. ಹಂಗೇರಿ ದೇಶದ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿ, ನಮ್ಮ ಮೆಣಸಿನಕಾಯಿಯ ಜಾತಿಯದೇ ಆದ ಪಾಪ್ರಿಕಾದಿಂದ ಸಿ ಜೀವಸತ್ವವನ್ನು ಧಾರಾಳವಾಗಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಸಲ್ಲತಕ್ಕದ್ದೇ. ಆದರೆ ಪ್ರಯೋಗಶಾಲೆಯ ಮೇಜಿನ ಮೇಲಿದ್ದಾಗ ಜ್ಞಾನವೆನಿಸುವ ಮೆಣಸಿನಕಾಯಿ ನಮ್ಮ ಮೊರದಲ್ಲಿದ್ದಾಗ ಕೆಲಸಕ್ಕೆ ಬಾರದ ಚಿಲ್ಲರೆ ಸಂಗತಿಯಾಗುವುದು ಹೇಗೆ?

ಈ ಚಿಲ್ಲರೆ ಸಂಗತಿಯನ್ನು ಮರೆತರೆ ಆರೋಗ್ಯವೇ ಕೆಡುತ್ತದೆ. 4 ಕಿಲೋ ಹಣ್ಣುಮೆಣಸಿನಕಾಯಿ ಒಣಗಿದರೆ ಸುಮಾರು 1 ಕಿಲೋ ಉಳಿಯುತ್ತದೆ, ಉಳಿದದ್ದೆಲ್ಲ ನೀರು. ಕಾಯಿಯಲ್ಲಿ ತೇವ ನೂರಕ್ಕೆ 10ರ ಆಸುಪಾಸಿಗೆ ಇಳಿಯದೆ ಡಬ್ಬಿ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತವೆ. ಅದು ಯಕೃತ್ತಿಗೆ ಕೇಡು. ಒಲೆಯ ಮೇಲೆ ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. "ಸ್ವಲ್ಪ ಹುರಿದರೆ ಸರಿಹೋದೀತು" ಎನ್ನುವ ಉಳಿತಾಯ ಬೇಡ. ಬೂಷ್ಟು ಕಂಡದ್ದನ್ನು ಎಸೆಯಿರಿ. ಒಣಹಾಕುವಾಗ ಬರಿನೆಲ ಬೇಡ, ಶುಚಿಯಾದ ಬಟ್ಟೆಯೋ ಚಾಪೆಯೋ ಇರಲಿ. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ಕಾಯಿ ಅಲುಗಿಸಿದಾಗ ಬೀಜ ಗಲಗಲ ಎನ್ನಬೇಕು. ಒಂದೆರಡು ಕಾಯಿ ಸೀಳಿ ಒಳಗೂ ನೋಡಬೇಕು. ಬಿಸಿಲಿನಿಂದ ತಂದದ್ದನ್ನು ಆರಲು ಬಿಟ್ಟು ಆಮೇಲೆ ತುಂಬಬೇಕು. ಇಲ್ಲವಾದರೆ ಡಬ್ಬಿ ಒಳಗೇ ಬೆವರುತ್ತದೆ. ಡಬ್ಬಿಯನ್ನು ಕತ್ತಲಲ್ಲಿಡಿ, ಬೆಳಕು ಬಣ್ಣವನ್ನು ತಿನ್ನುತ್ತದೆ.

"ಇಷ್ಟೆಲ್ಲ ಯಾಕೆ, ಪೊಟ್ಟಣ ಶುದ್ಧವಲ್ಲವೇ?" ಎಂದು ಕೇಳಬಹುದು. 2003ರಲ್ಲಿ ಯುರೋಪಿನಲ್ಲಿ ಮೆಣಸಿನಪುಡಿಯಲ್ಲಿ ಸೂಡಾನ್ ಎಂಬ ಬಣ್ಣ ಪತ್ತೆಯಾಯಿತು. ಅದು ಎಣ್ಣೆ, ಮೇಣಗಳಿಗೆ ಹಾಕುವ ಬಣ್ಣ, ತಿನ್ನುವುದಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದರು. ಎಲ್ಲ ಪೊಟ್ಟಣಗಳೂ ಕಲಬೆರಕೆ ಎಂದು ನಾನು ಹೇಳುತ್ತಿಲ್ಲ. ಪುಡಿಯಾದದ್ದರಲ್ಲಿ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಇಡಿಯ ಕಾಯಿಯಲ್ಲಿ ಕಾಣುತ್ತದೆ, ಅಷ್ಟೆ. ನಾಲ್ಕು ಕುಂಡದಿಂದ ವರ್ಷದ ಖಾರದಪುಡಿ ಆಗದು, ನಿಜ. ಸಾಲದ್ದನ್ನು ಇಡಿಯ ಕಾಯಾಗಿಯೇ ಕೊಳ್ಳೋಣ. ಸ್ವತಃ ಒಣಗಿಸಿದವಳ ಕಣ್ಣಿಗೆ ಸಂತೆಯಲ್ಲಿ ಮೋಸ ಮಾಡುವುದು ಕಷ್ಟ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಹೆಚ್ಚು, ಖಾರ ಕಡಿಮೆ. ಹೀಗಿರುವಾಗ ಕೆಂಪಗಿದ್ದರೆ ಖಾರವೆಂದು ಪೊಟ್ಟಣದ ಬಣ್ಣಕ್ಕೆ ಮರುಳಾಗುವುದು ಈ ಸೀಮೆಯವರಿಗೆ ಶೋಭಿಸದು.

ಇನ್ನೊಂದು ಗುಂಪಿನವರಿದ್ದಾರೆ; ಅವರು ನನ್ನ ಮಾತಿಗೆ ತಲೆದೂಗಿ "ಅಜ್ಜಿಯ ಕಾಲವೇ ಚೆನ್ನಾಗಿತ್ತು" ಎನ್ನುತ್ತಾರೆ. ಅವರೊಡನೆಯೂ ನನಗೆ ಜಗಳವಿದೆ. ಅಜ್ಜಿಯ ಕಾಲದಲ್ಲಿ ಚಾಪೆ ಹೊತ್ತು ಮಾಳಿಗೆ ಹತ್ತಿದವರು, ಕಾಗೆ ಓಡಿಸಿದವರು, ಉರಿಯುವ ಕೈಯಲ್ಲೇ ಮಗುವನ್ನೂ ಎತ್ತಿಕೊಂಡವರು ಸೊಸೆಯಂದಿರು. ಮಣೆಯ ಮೇಲೆ ಕೂತು "ಈ ಸಲ ರಂಜಕ ಚಲೋ ಆಗ್ಯದ" ಎಂದವರು ಮಾತ್ರ ಬೇರೆ. ಆ ಕಾಲ ಮರಳಿ ಬರುವುದು ಬೇಡ. ನೌಕರಿ ಮಾಡಿ ಬಂದವಳ ತಲೆಯ ಮೇಲೆ ಇನ್ನೊಂದು ಚಾಪೆ ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಖಾರ ಉಣ್ಣುವ ಬಾಯಿಗಳಿಗೆಲ್ಲ ಖಾರ ಒಣಗಿಸುವ ಕೈಗಳೂ ಇವೆ.

ನನ್ನ ತರಗತಿಯ ಹುಡುಗರನ್ನು ಮೆಣಸಿನಕಾಯಿಯ ಖಾರ ಎಲ್ಲಿದೆಯೆಂದು ಕೇಳಿದೆ. ಎಲ್ಲರೂ ಬೀಜದಲ್ಲಿ ಎಂದರು. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಅದು ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಆದ್ದರಿಂದ ಕೈ ಉರಿದರೆ ಮೊದಲು ಎಣ್ಣೆ ಸವರಿ ಆಮೇಲೆ ಸೋಪು ಹಚ್ಚಬೇಕು. ಹದಿಮೂರು ವರ್ಷ ಖಾರ ತಿಂದ ಹುಡುಗರಿಗೆ ಇದು ಗೊತ್ತಿಲ್ಲ, ಏಕೆಂದರೆ ಅವರನ್ನು ಯಾರೂ ಮೊರದ ಮುಂದೆ ಕೂರಿಸಿಲ್ಲ. ತಪ್ಪು ಆ ಮಕ್ಕಳದಲ್ಲ. "ಗಂಡುಮಗು, ಅವನಿಗ್ಯಾಕೆ ಇದೆಲ್ಲ" ಎಂದು ಮುದ್ದು ಮಾಡುವವರು ಬಹಳ ಸಲ ನಾವೇ, ತಾಯಂದಿರೇ.

ಆದ್ದರಿಂದ ನನ್ನ ಅಕ್ಕತಂಗಿಯರಲ್ಲಿ ಕೇಳಿಕೊಳ್ಳುವುದಿಷ್ಟು. ಈ ಸಲ ಕಾಯಿ ಬಲಿತಾಗ ಬರೀ ನೋಡಿ ನಲಿಯಬೇಡಿ. ಹಸಿರಿದ್ದದ್ದನ್ನು ಸೀಳಿ ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ನೆನೆಹಾಕಿ ಮಜ್ಜಿಗೆ ಮೆಣಸಿನಕಾಯಿ ಮಾಡಿ. ಕೆಂಪಾದದ್ದರಲ್ಲಿ ಸ್ವಲ್ಪ ಬಳ್ಳೊಳ್ಳಿ, ಉಪ್ಪು, ಮೆಂತ್ಯ, ಲಿಂಬೆಹುಳಿ ಕೂಡಿಸಿ ರಂಜಕ ಅರೆಯಿರಿ, ಉಳಿದದ್ದನ್ನು ಒಣಗಿಸಿ. ಒಣಗಿಸುವ ಚಾಪೆಯನ್ನು ಮಾತ್ರ ನೀವೇ ಹೊರಬೇಡಿ. ಅದನ್ನು ಮಗನ ಕೈಗೆ ಕೊಡಿ. ಸಂಜೆ ಒಳಗೆ ತರುವ ಕೆಲಸ ಅವರಪ್ಪನದಾಗಲಿ. "ಪ್ಯಾಟಿಯಾಗ ತರೂದ ಸೋವಿ" ಎಂದು ಯಾರಾದರೂ ಅಂದರೆ, ಎದುರಿಗೆ ಒಂದು ಮೊರ ಕಾಯಿ ಇಟ್ಟು, ಇದರಲ್ಲಿ ಡಬ್ಬಿಗೆ ತುಂಬಬಹುದಾದದ್ದು ಯಾವುದು, ಎಸೆಯಬೇಕಾದದ್ದು ಯಾವುದು, ಆರಿಸಿ ಕೊಡಿ ಎಂದು ಕೇಳಿ.