ರ‍್ಯಾಮ್ ಅಲ್ಲ, ಡ್ರೈವರ್!
ಅಪ್ರೈಸಲ್ ಮೀಟಿಂಗ್ ಮಧ್ಯೆಯೇ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಯ್ತು. ವಾರದಲ್ಲಿ ಮೂರನೇ ಸಲ! ರಿಪೇರಿ ಅಂಗಡಿಯವನು ‘ರ‍್ಯಾಮ್ ಹೋಗಿದೆ, ಬದಲಾಯಿಸ್ಬೇಕು’ ಅಂದುಬಿಟ್ಟ. ದುಡ್ಡು ಕೊಡೋ ಮುಂಚೆ ಯಾಕೋ ಅನುಮಾನ ಬಂತು. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಹುಡುಕಿ ತೆರೆದೆ. ಕೆಂಪು ಗುರುತುಗಳೆಲ್ಲ ಶುರುವಾಗಿದ್ದು ವೈಫೈ ಡ್ರೈವರ್ ಅಪ್‌ಡೇಟ್ ಆದ ಮರುದಿನದಿಂದ. ನೀಲಿ ಪರದೆಯಲ್ಲಿ ಕಂಡ ಫೈಲಿನ ಹೆಸರೂ ಅದರದ್ದೇ.

ಆ್ಯಪ್ ಕೆಟ್ಟರೆ ಸಾಮಾನ್ಯವಾಗಿ ಅದೊಂದೇ ಮುಚ್ಚಿಕೊಳ್ಳುತ್ತೆ. ಇಂಥ ಡ್ರೈವರ್ ಕೆಲಸ ಮಾಡೋದು ವಿಂಡೋಸ್‌ನ ಒಳಮನೆಯಾದ ಕರ್ನಲ್‌ನಲ್ಲಿ. ಅದು ಎಡವಿದರೆ ಇಡೀ ಸಿಸ್ಟಮ್ಮೇ ಕುಸಿಯುತ್ತೆ.

ಡಿವೈಸ್ ಮ್ಯಾನೇಜರ್, ವೈಫೈ ಅಡಾಪ್ಟರ್, ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್. ಅಷ್ಟೇ. ಆ ಬಟನ್ ಮಸುಕಾಗಿದ್ದರೆ ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಹಳೇ ಡ್ರೈವರ್ ಹುಡುಕಿ ಹಾಕಿಕೊಳ್ಳಿ.

15 ದಿನ ಆಯ್ತು, ನೀಲಿ ಪರದೆ ಮತ್ತೆ ಕಂಡಿಲ್ಲ. ಅಪ್ರೈಸಲ್ ಮಾತ್ರ ಮುಂದಕ್ಕೆ ಹೋಗಿದೆ.